ಕಿಡಿ ಬಡಿಸುವವನು

ಪಂಕ್ತಿಯಲ್ಲಿ ಬಡಿಸುವುದು ಸುಲಭವೆಂದು ತಿಳಿದವರು ಎಂದೂ ಬಡಿಸಿದವರಲ್ಲ. ಯಾರಿಗೆ, ಯಾವಾಗ ಎಂಬೆರಡನ್ನೂ ಬಲ್ಲವನೇ ಬಡಿಸಲು ಯೋಗ್ಯ. ಹಳೆಯ ಮೋಟಾರು ಕಾರಿನಲ್ಲಿ ಈ ಕಾಯಕಕ್ಕೆ ನಿಂತಿರುವ ಪುಟ್ಟ ಉಪಕರಣವೇ ಡಿಸ್ಟ್ರಿಬ್ಯೂಟರು. ಬ್ಯಾಟರಿಯ 12 ವೋಲ್ಟನ್ನು ಕಾಯಿಲು ಸಾವಿರಾರು ವೋಲ್ಟಿಗೆ ಏರಿಸಿಕೊಡುತ್ತದೆ. ಅದನ್ನು ನಾಲ್ಕು ಸಿಲಿಂಡರುಗಳಿಗೂ ಸರದಿ ತಪ್ಪದಂತೆ ಹಂಚುವುದು ಇದರ ಧರ್ಮ. 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಕಾರುಗಳಿಗೆ ಅಳವಡಿಸಿದ ಈ ಏರ್ಪಾಟು ಮುಕ್ಕಾಲು ಶತಮಾನ ಲೋಕವನ್ನೇ ಓಡಿಸಿತು.

ಚಳ್ಳಕೆರೆ ಸೀಮೆಯ ದೊಡ್ಡಉಳ್ಳಾರ್ತಿಯಂಥ ಊರಿನಲ್ಲಿ ಈ ಧರ್ಮದ ಬೆಲೆ ಬೇಗ ತಿಳಿಯುತ್ತದೆ. ಅಮೃತಮಹಲ್ ದನಗಳ ಕಾವಲಿಗೆ ಹೆಸರಾದ ನೆಲವದು. ಮಳೆ ಕಡಿಮೆ, ಬಿಸಿಲು ಧಾರಾಳ. ಅಲ್ಲಿ ಒಂದು ಬೆಳಗಿನ ಜಾವ, ಹೆರಿಗೆಯ ನೋವಿನಲ್ಲಿರುವ ಮಗಳನ್ನು ಚಳ್ಳಕೆರೆಗೆ ಕರೆದೊಯ್ಯಲು ಮನೆಯವರು ಹಳೆಯ ಅಂಬಾಸಿಡರ್ ಹತ್ತಿದರೆನ್ನಿ. ಸ್ಟಾರ್ಟರು ಗರಗರನೆ ತಿರುಗುತ್ತದೆ. ಇಂಜಿನು ಮಾತ್ರ ಏಳಲೊಲ್ಲದು. ಮಗಳು ನೆರೆಮನೆಯ ಗಾಡಿಯಲ್ಲಿ ಹೊರಡುತ್ತಾಳೆ. ಬೆವರೊರೆಸಿಕೊಳ್ಳುತ್ತ ಯಜಮಾನರು, “ನಿನ್ನೆ ತಾನೆ ಗುಜರಿಯಿಂದ ಡಿಸ್ಟ್ರಿಬ್ಯೂಟರು ತಂದು ಕೂರಿಸಿದೆವಲ್ಲಪ್ಪ!” ಎನ್ನುತ್ತಾರೆ. ಮೇಸ್ತ್ರಿಯ ಉತ್ತರ ಚಿಕ್ಕದು: “ಕೂರಿಸಿದ್ದು ಸರಿ ಯಜಮಾನ್ರೇ, ಅದು ಈ ಮನೆಯದು ಹೌದೋ ಅಲ್ಲವೋ ನೋಡಿದಿರಾ?”

ನೋಟಕ್ಕೆ ಡಿಸ್ಟ್ರಿಬ್ಯೂಟರುಗಳೆಲ್ಲ ಅಣ್ಣತಮ್ಮಂದಿರೇ. ಗುಣ ಮಾತ್ರ ಬೇರೆ ಬೇರೆ. ಮೊದಲು ನೋಡಬೇಕಾದುದು ದಂಡದ ಉದ್ದ ಮತ್ತು ಅದರ ಕೆಳತುದಿ. ಅಂಬಾಸಿಡರಿನ 1489 ಸಿ.ಸಿ. ಪೆಟ್ರೋಲ್ ಇಂಜಿನಿನಲ್ಲಿ ಆ ತುದಿಯ ನಾಲಗೆ ನಟ್ಟನಡುವಿನಿಂದ ತುಸು ಸರಿದಿರುತ್ತದೆ. ಆದುದರಿಂದ ಅದು ಒಂದೇ ಬಗೆಯಲ್ಲಿ ಕೂರುತ್ತದೆ. ಬಳಿಕ ಒಡಲಿನ ಮೇಲೆ ಕೊರೆದ ಸಂಖ್ಯೆ. ಅದನ್ನು ಕಡೆಗಣಿಸುವವರೇ ಹೆಚ್ಚು; ಗುಟ್ಟಿರುವುದು ಅಲ್ಲಿಯೇ. ಒಳಗಿರುವ ಎರಡು ತೂಕದ ಬಿಲ್ಲೆಗಳು, ಅವನ್ನು ಹಿಡಿದ ಸ್ಪ್ರಿಂಗುಗಳು ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತಗೊಳಿಸುತ್ತವೆ. ಬೇರೊಂದು ಇಂಜಿನಿಗೆ ಹೊಂದಿಸಿದ ಸ್ಪ್ರಿಂಗಾದರೆ ಕಿಡಿ ಅಕಾಲದಲ್ಲಿ ಹಾರಿ, ಏರಿನಲ್ಲಿ ಇಂಜಿನು ಟಕಟಕನೆ ನರಳುತ್ತದೆ. ಆ ನರಳಿಕೆಯನ್ನು ಅಲಕ್ಷಿಸಿದರೆ ಪಿಸ್ಟನ್ನೇ ಸುಟ್ಟೀತು.

ಇನ್ನು ಜೋಡಣೆ. ರೇಡಿಯೇಟರಿನ ಕಡೆಯ ಮೊದಲನೆಯ ಸಿಲಿಂಡರಿನ ಪ್ಲಗ್ಗು ಬಿಚ್ಚಿ, ರಂಧ್ರಕ್ಕೆ ಹೆಬ್ಬೆರಳೊತ್ತಿ, ಹ್ಯಾಂಡಲಿನಿಂದ ಇಂಜಿನನ್ನು ಮೆಲ್ಲನೆ ತಿರುಗಿಸಬೇಕು. ಗಾಳಿ ಬೆರಳನ್ನು ತಳ್ಳಿದಾಗ ಪಿಸ್ಟನ್ನು ಒತ್ತಡದೊಂದಿಗೆ ಮೇಲೇರುತ್ತಿದೆಯೆಂದು ಅರ್ಥ. ಹೊಗೆಯುಗುಳುವಾಗಲೂ ಪಿಸ್ಟನ್ನು ಮೇಲೇರುತ್ತದೆ. ಬೆರಳಿನ ಸಾಕ್ಷಿಯಿಲ್ಲದೆ ಪುಲ್ಲಿಯ ಗುರುತೊಂದನ್ನೇ ನಂಬಿದವರು ಅರ್ಧ ಸುತ್ತು ತಪ್ಪಿ, ದಿನವಿಡೀ ಪರದಾಡಿದ್ದುಂಟು. ಒತ್ತಡದ ಕೊನೆಯಲ್ಲಿ ಗುರುತು ಕೂಡಿದಾಗ ರೋಟರು ಯಾವ ಕಡೆಗೆ ಮುಖ ಮಾಡಿದೆಯೋ ಅಲ್ಲಿಯ ತಂತಿ ಒಂದನೆಯ ಪ್ಲಗ್ಗಿಗೆ. ಅಲ್ಲಿಂದ ರೋಟರು ತಿರುಗುವ ದಿಕ್ಕಿನಲ್ಲಿ 3, 4, 2. ಅಂಬಾಸಿಡರಿನಲ್ಲಿ ಅದು ಅಪ್ರದಕ್ಷಿಣ. ಈ ಪಂಕ್ತಿಯಲ್ಲಿ ಕುಳಿತ ಸಾಲಿಗೂ ಬಡಿಸುವ ಸಾಲಿಗೂ ಸಂಬಂಧವಿಲ್ಲವೆಂಬುದನ್ನು ಗೃಹಿಣಿಯರು ಗಮನಿಸಬೇಕು!

ಕೊನೆಯದು ಸೂಕ್ಷ್ಮ. ಇಂಜಿನನ್ನು ಕಿಡಿಯ ಗುರುತಿಗೆ ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಸಣ್ಣ ತಂತಿಗೂ ಇಂಜಿನಿನ ಲೋಹಕ್ಕೂ ನಡುವೆ 12 ವೋಲ್ಟಿನ ಬಲ್ಬು ಸಿಕ್ಕಿಸಿ, ಕೀಲಿ ತಿರುಗಿಸಿ, ಒಡಲನ್ನು ರೋಟರಿಗೆ ಎದುರಾಗಿ ಕೂದಲೆಳೆಯಷ್ಟು ಸರಿಸಬೇಕು. ಪಾಯಿಂಟು ಬಿಟ್ಟ ಕ್ಷಣ ಬಲ್ಬು ಬೆಳಗುತ್ತದೆ. ಅಲ್ಲಿಯೇ ಬಿಗಿಯತಕ್ಕದ್ದು.

ಉತ್ತರಪಾರದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆಯನ್ನು ನಿಲ್ಲಿಸಿತು. ಇಂದಿನ ಕಾರುಗಳಲ್ಲಿ ಈ ಸರದಿಯ ಲೆಕ್ಕವೆಲ್ಲ ಕಂಪ್ಯೂಟರಿನದು. ಹೆಬ್ಬೆರಳಿನಿಂದ ಇಂಜಿನಿನ ನಾಡಿ ಹಿಡಿಯುವ ಮೇಸ್ತ್ರಿಗಳು ಮುದುಕರಾಗುತ್ತಿದ್ದಾರೆ. ಅವರ ಬಳಿ ಕಲಿಯಲು ನಿಲ್ಲುವ ಹುಡುಗರು ವಿರಳ. ಬಿಡಿಭಾಗ ಗುಜರಿಯಲ್ಲಿ ಇನ್ನೂ ಸಿಕ್ಕೀತು. ಯಾವುದು ಯಾವ ಮನೆಯದೆಂದು ಹೇಳುವ ಕಣ್ಣು ಸಿಕ್ಕುವುದು ಕಷ್ಟ.