ಕ್ರಿಸ್‌ಮಸ್ ಮುಗಿದ ಮೂರನೇ ದಿನ

ವಿಜಯಪುರದ ಚರ್ಚುಗಳ ಮುಂದಿನ ಕಾಗದದ ನಕ್ಷತ್ರ ಇನ್ನೂ ಇಳಿದಿರುವುದಿಲ್ಲ, ಚರ್ಚಿನ ಪಂಚಾಂಗ ಆಗಲೇ ಸಾವಿನತ್ತ ಹೊರಳಿರುತ್ತದೆ. ಡಿಸೆಂಬರ್ 26 ಕಲ್ಲೇಟಿಗೆ ಬಲಿಯಾದ ಸ್ತೆಫನನ ದಿನ. 28, ಅರಸ ಹೆರೋದ ಕೊಲ್ಲಿಸಿದ ಬೇತ್ಲೆಹೇಮಿನ ಹಸುಗೂಸುಗಳದು.

ಆ ಕೊಲೆಯಿಂದ ಯೇಸುವನ್ನು ಉಳಿಸಲು ಯೋಸೇಫ ಹೆಂಡತಿ, ಕೂಸನ್ನು ಕಟ್ಟಿಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ ಹೊರಟ. ಗುಳೆ ಅಂದರೇನೆಂದು ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. 1876–78ರ ಬರ ಊರೂರನ್ನೇ ಬರಿದು ಮಾಡಿತ್ತು. ಇಂದಿಗೂ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳಿವೆ.

ತಿಕೋಟಾ, ಬಬಲೇಶ್ವರದ ಎರೆಹೊಲದಲ್ಲಿ ಬಿಳಿಜೋಳ ಬೆಳೆದು ನಿಂತ ಹೊತ್ತಿದು. ಎಳ್ಳ ಅಮಾವಾಸ್ಯೆಗೆ ರೈತ ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವುದೂ ರಾಶಿ ಕಣ್ಣಿಗೆ ಬೀಳುವ ಮೊದಲೇ, ಬರೀ ಭರವಸೆಯ ಮೇಲೆ.

ಈ ಕಥೆಯನ್ನು ಸುವಾರ್ತೆಯಲ್ಲಿ ಹೇಳುವ ಮತ್ತಾಯನ ಭರವಸೆಯೂ ಅಂಥದ್ದೇ, ಸುಳ್ಳು ಸಮಾಧಾನ ಹೇಳುವುದಿಲ್ಲ. ಕೂಸು ಕಳೆದುಕೊಂಡ ತಾಯಂದಿರ ಗೋಳನ್ನು ಯೇಸುವಿನ ಹುಟ್ಟಿನ ಕಥೆಯೊಳಗೇ ಉಳಿಸಿದ್ದಾನೆ. ಕ್ರೈಸ್ತರ ಭರವಸೆಯ ಗಟ್ಟಿತನ ಇರುವುದೇ ಅಲ್ಲಿ. ಹೆರೋದ ಸತ್ತ ಮೇಲೆ ಯೋಸೇಫನ ಕುಟುಂಬ ಮರಳಿತು. ಬೇತ್ಲೆಹೇಮಿಗಲ್ಲ, ನಜರೇತಿಗೆ.