ಬೆಳೆಯುವ ಹಾವಿಗೆ ಅಳತೆಯ ಮನೆ



ವರ್ಷಕ್ಕೊಮ್ಮೆ ಪಂಚಮಿಗೆ ಮಣ್ಣಿನ ನಾಗಪ್ಪನಿಗೆ ಹಾಲೆರೆದು ಎಳ್ಳುಂಡಿ ಕಟ್ಟುವ ಧಾರವಾಡದ ಕಡೆಯ ಹೆಣ್ಣುಮಗಳು ನಾನು. ಮದುವೆಯಾಗಿ ಹೈದರಾಬಾದಿಗೆ ಬಂದು ನಲವತ್ತು ವರ್ಷದ ಮೇಲಾಯಿತು. ಈಗ ನಮ್ಮ ಮನೆಯ ಹಾಲ್‌ನಲ್ಲಿ, ಟಿ.ವಿ.ಯ ಪಕ್ಕದಲ್ಲಿಯೇ, ಜೀವಂತ ಹಾವೊಂದು ವಾಸವಾಗಿದೆ ಎಂದರೆ ನೀವು ಮುಂದಿನ ಸಲ ನಮ್ಮಲ್ಲಿಗೆ ಚಹಾಕ್ಕೆ ಬರುವ ಮೊದಲು ಎರಡು ಸಲ ಯೋಚಿಸಬಹುದು. ಹೆದರಬೇಡಿ. ಅದಕ್ಕೆ ವಿಷವಿಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ, ಬಾಲ್ ಪೈಥಾನ್ ಎಂಬ ಸಣ್ಣ ಜಾತಿಯ ಹೆಬ್ಬಾವು. ಹೆದರಿದಾಗ ಚೆಂಡಿನ ಹಾಗೆ ಉಂಡೆಯಾಗುವುದರಿಂದ ಆ ಹೆಸರು. ನಮ್ಮ ಮೊಮ್ಮಗಳು ಅದನ್ನು ‘ಗುಂಡ’ ಎಂದು ಕರೆಯುತ್ತಾಳೆ.

ಮೊದಲಿಗೆ ಕಾನೂನಿನ ಮಾತು ಹೇಳಿಬಿಡುತ್ತೇನೆ. ನಮ್ಮ ದೇಶದ ಹಾವುಗಳನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅಡ್ಡವಿದೆ. ಅಂಗಳಕ್ಕೆ ಹಾವು ಬಂದರೆ ಹಿಡಿದು ಕಾಡಿಗೆ ಬಿಡಲು 1995ರಿಂದ ನಮ್ಮ ಊರಿನಲ್ಲಿ ಫ್ರೆಂಡ್ಸ್ ಆಫ್ ಸ್ನೇಕ್ಸ್ ಸೊಸೈಟಿಯವರಿದ್ದಾರೆ, ಅವರನ್ನು ಕರೆಯಿರಿ. ಗುಂಡನಂತಹ ವಿದೇಶಿ ಜಾತಿಗಳಿಗೆ 2022ರ ತಿದ್ದುಪಡಿಯ ಪ್ರಕಾರ ಸರಕಾರದಲ್ಲಿ ನೋಂದಣಿ ಬೇಕು, ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋದರೆ ಅದನ್ನೂ ತಿಳಿಸಬೇಕು. ಮಗನ ಸಹೋದ್ಯೋಗಿಯೊಬ್ಬರು ವಿದೇಶಕ್ಕೆ ಹೊರಟಾಗ ಕಾಗದಪತ್ರಗಳ ಸಮೇತ ಈ ಮರಿಯನ್ನು ನಮಗೆ ಒಪ್ಪಿಸಿ ಹೋದರು. ಆಗ ಅದು ಒಂದೂವರೆ ಅಡಿ ಉದ್ದ, ನನ್ನ ಹೆಬ್ಬೆರಳಿನಷ್ಟು ದಪ್ಪ. ಬಂದದ್ದು ಪ್ಲಾಸ್ಟಿಕ್ ಡಬ್ಬಿಯಲ್ಲಿ.

ಆ ಡಬ್ಬಿಯನ್ನು ನೋಡಿ ನನಗೆ ಕರುಳು ಚುರುಕ್ ಎಂದಿತು. ಅದಕ್ಕೆ ತಕ್ಕ ಮನೆಯೊಂದನ್ನು ಮಾಡಿಸುವ ಹೊಣೆ ಹೊತ್ತವಳೂ ನಾನೇ, ತಪ್ಪು ಮಾಡಿದವಳೂ ನಾನೇ. ಮಕ್ಕಳ ಶಾಲೆಯ ಯೂನಿಫಾರ್ಮನ್ನು ಮನೆಯಲ್ಲಿಯೇ ಹೊಲಿದವಳು ನಾನು. ‘ಬೆಳೆಯುವ ಹುಡುಗರು, ಒಂದಿಷ್ಟು ದೊಡ್ಡದೇ ಇರಲಿ’ ಎಂಬುದು ನನ್ನ ಲೆಕ್ಕ. ಹಾವಿಗೂ ಅದೇ ಲೆಕ್ಕ ಹಚ್ಚಿದೆ. ಈ ಜಾತಿಯ ಹೆಣ್ಣು ನಾಲ್ಕರಿಂದ ಐದಡಿ ಬೆಳೆಯುತ್ತದೆ, ಗಂಡು ಸ್ವಲ್ಪ ಕಡಿಮೆ ಎಂದು ಮಗ ಹೇಳಿದ. ಬಡಗಿಯನ್ನು ಕರೆಸಿ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ, ಗಾಜಿನ ಬಾಗಿಲಿನ ಪೆಟ್ಟಿಗೆ ಮಾಡಿಸಿದೆ. ಒಳಗೆ ಒಂದು ನೀರಿನ ಬಟ್ಟಲು, ಮೂಲೆಯಲ್ಲಿ ಒಂದು ಕೊಂಬೆ. ನೋಡಿದವರೆಲ್ಲ ‘ಬಂಗಲೆ’ ಎಂದರು.

“ಅಜ್ಜಿ, ಇಷ್ಟ ಸಣ್ಣ ಹಾವಿಗೆ ಇಷ್ಟ ದೊಡ್ಡ ಮನಿ ಯಾಕ?” ಎಂದು ಮೊಮ್ಮಗಳು ಕೇಳಿದಳು.

“ನಾಳೆ ದೊಡ್ಡದಾಗತೈತಿ, ಸುಮ್ಮನಿರು” ಎಂದೆ.

ಮೊದಲ ರಾತ್ರಿ ಗುಂಡ ಗಾಜಿನ ಗುಂಟ ಮೂಗು ಉಜ್ಜುತ್ತಾ ಬೆಳಗಿನ ತನಕ ತಿರುಗಿತು. ಆಮೇಲೆ ಒಂದು ಮೂಲೆಯಲ್ಲಿ ಉಂಡೆಯಾಗಿ ಕುಳಿತದ್ದು ಏಳಲೇ ಇಲ್ಲ. ಶ್ರಾವಣದಲ್ಲಿ ಉಳ್ಳಾಗಡ್ಡಿಯನ್ನೂ ತಿನ್ನದ ಮನೆ ನಮ್ಮದು. ಅಂಥದ್ದರಲ್ಲಿ ಅದಕ್ಕಾಗಿ ಇಲಿಮರಿಗಳನ್ನು ಇಡಲು ಬಾಲ್ಕನಿಯಲ್ಲಿ ಬೇರೆಯೇ ಒಂದು ಸಣ್ಣ ಫ್ರಿಜ್ ಇಟ್ಟೆವು. ಅದು ಮೂಸಿಯೂ ನೋಡಲಿಲ್ಲ. ಒಂದು ವಾರ, ಎರಡು ವಾರ, ಐದು ವಾರ ಕಳೆಯಿತು. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದರೆ 140 ಗ್ರಾಂ ಇದ್ದದ್ದು 126ಕ್ಕೆ ಇಳಿದಿತ್ತು. ಜನವರಿಯ ಚಳಿ ಬೇರೆ. ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ಪೆಟ್ಟಿಗೆಯ ಮುಂದೆ ಹೋಗಿ ಕುಳಿತುಬಿಡುತ್ತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಕೊನೆಗೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರೊಬ್ಬರಲ್ಲಿಗೆ ಒಯ್ದೆವು. ಬಾಯಿ, ಚರ್ಮ, ಉಸಿರು ಎಲ್ಲ ಪರೀಕ್ಷಿಸಿ ರೋಗವಿಲ್ಲ ಎಂದರು. ಪೆಟ್ಟಿಗೆಯ ಫೋಟೋ ನೋಡಿ, “ಅಮ್ಮಾ, ಇದು ಅಡಗುವುದು ಎಲ್ಲಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ನನಗೆ ನಾಟಿತು. ಮನೆಯವರು ತೀರಿಕೊಂಡ ಮೇಲೆ ಕಾಚಿಗುಡದ ಎರಡು ಕೋಣೆಯ ಮನೆ ಬಿಟ್ಟು ಮಗನ ದೊಡ್ಡ ಫ್ಲಾಟಿಗೆ ಬಂದಾಗ ನಾನೂ ಹಾಗೆಯೇ ಮಂಚದ ಒಂದು ತುದಿಯಲ್ಲಿ ಕುಳಿತಿರುತ್ತಿದ್ದೆ. ಹಳೆಯ ಟ್ರಂಕು, ಹೊಲಿಗೆಯಂತ್ರ ಕಿಟಕಿಯ ಹತ್ತಿರ ಬಂದ ಮೇಲೆಯೇ ನನಗೆ ನಿದ್ರೆ ಹತ್ತಿದ್ದು.

ವೈದ್ಯರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಪೆಟ್ಟಿಗೆ ದೊಡ್ಡದಿದ್ದದ್ದು ತಪ್ಪಲ್ಲ, ಖಾಲಿ ಇದ್ದದ್ದು ತಪ್ಪು. ಈ ಹಾವು ತನ್ನ ನಾಡಿನಲ್ಲಿ ಹಗಲೆಲ್ಲ ಇಲಿಯ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ ಅಡಗಿರುತ್ತದೆ. ಹದ್ದು, ಮುಂಗುಸಿಗಳಿಗೆ ಹೆದರುವ ಮರಿಗೆ ಬಯಲೆಂದರೆ ಸಾವು. ಆದ್ದರಿಂದ ಒಂದೇ ತರಹದ ಎರಡು ಬಿಲಗಳಿರಬೇಕು, ಸುತ್ತಿಕೊಂಡರೆ ಮೈ ಗೋಡೆಗೆ ತಾಗುವಷ್ಟು ಬಿಗಿಯಾಗಿರಬೇಕು. ಒಂದು ಬೆಚ್ಚಗಿನ ತುದಿಯಲ್ಲಿ, ಒಂದು ತಂಪು ತುದಿಯಲ್ಲಿ. ಒಂದೇ ಬಿಲವಿದ್ದರೆ ಹಾವು ಬಿಸಿಯನ್ನೋ ಭದ್ರತೆಯನ್ನೋ ಆರಿಸಬೇಕಾಗುತ್ತದೆ, ಎರಡೂ ಸಿಗುವುದಿಲ್ಲ. ಬೆಚ್ಚಗಿನ ಕಡೆ 31-32 ಡಿಗ್ರಿ, ತಂಪು ಕಡೆ 25-26. ಹಾವು ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು, ಆ ತುದಿಯಿಂದ ಈ ತುದಿಗೆ ಸರಿದಾಡಿಯೇ ಸರಿಪಡಿಸಿಕೊಳ್ಳಬೇಕು. ತೀರ ಸಣ್ಣ ಡಬ್ಬಿಯಲ್ಲಿ ಎರಡು ಹವೆಗಳನ್ನು ಇಡಲು ಬರುವುದಿಲ್ಲ. ಅದಕ್ಕೇ ಆ ಪ್ಲಾಸ್ಟಿಕ್ ಡಬ್ಬಿಯೂ ಸರಿಯಲ್ಲ.

ಮನೆಗೆ ಬಂದು ನನಗೆ ತಿಳಿದ ವಿದ್ಯೆಯನ್ನೇ ಬಳಸಿದೆ. ದೊಡ್ಡ ಲಂಗವನ್ನು ಹರಿದು ಎಸೆಯುತ್ತೇವೆಯೇ? ಒಳಗೆ ಬಟ್ಟೆ ಬಿಟ್ಟು ಹಿಡಿದು ಹೊಲಿಯುತ್ತೇವೆ, ಬೆಳೆದಂತೆ ಹೊಲಿಗೆ ಬಿಚ್ಚುತ್ತೇವೆ. ಪೆಟ್ಟಿಗೆಯ ನಡುವೆ ಒಂದು ಹಲಗೆ ನಿಲ್ಲಿಸಿ ಎರಡಡಿ ಮಾಡಿದೆ. ಗಾಜಿಗೆ ಕಂದು ಕಾಗದ ಅಂಟಿಸಿದೆ. ತೆಂಗಿನ ನಾರಿನ ಪುಡಿ ಹಾಸಿ, ಒಣ ಎಲೆ ತುಂಬಿ, ಎರಡು ಮಣ್ಣಿನ ಕುಂಡಗಳನ್ನು ಬಾಯಿ ಕೊರೆದು ಬೋರಲು ಹಾಕಿದೆ. ಹೀಟಿಂಗ್ ಮ್ಯಾಟಿಗೆ ಮಗ ಥರ್ಮೋಸ್ಟಾಟ್ ಜೋಡಿಸಿದ. ಯಾರೂ ಮುಟ್ಟಕೂಡದು ಎಂದು ಮೊಮ್ಮಗಳು ಚೀಟಿ ಬರೆದು ಹಚ್ಚಿದಳು. ಒಂಬತ್ತನೆಯ ರಾತ್ರಿ ಗುಂಡ ಕುಂಡದಿಂದ ತಲೆ ಹೊರಗೆ ಹಾಕಿ ಇಲಿಮರಿಯನ್ನು ಹಿಡಿಯಿತು. ನಾನು ಆ ಕಡೆ ನೋಡಲಿಲ್ಲ, ಆದರೆ ದೇವರ ಮುಂದೆ ದೀಪ ಹಚ್ಚಿದೆ.

ಹಾಗೆಂದು ಮರಿಗೆ ಹಿತವೆಂದು ಹಾವನ್ನು ಕೊನೆಯವರೆಗೂ ಸಣ್ಣ ಗೂಡಿನಲ್ಲಿಯೇ ಇಟ್ಟರೆ ಅದು ಇನ್ನೊಂದು ತಪ್ಪು. ಗೂಡು ಸಣ್ಣದಿದ್ದರೆ ಹಾವೂ ಸಣ್ಣದಾಗಿಯೇ ಉಳಿಯುತ್ತದೆ ಎನ್ನುವುದು ಸುಳ್ಳು. ಹಾವು ಯಾವಾಗಲೂ ಸುತ್ತಿಕೊಂಡೇ ಇರುತ್ತದೆ, ಅದಕ್ಕೇಕೆ ಜಾಗ ಎನ್ನುವವರೂ ಇದ್ದಾರೆ. ಬ್ರಿಟನ್ನಿನ ಕ್ಲಿಫರ್ಡ್ ವಾರ್ವಿಕ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಒಪ್ಪುವುದಿಲ್ಲ. ಸಾಕಿದ ಹಾವುಗಳು ಆಗಾಗ ಮೈಯನ್ನು ನೆಟ್ಟಗೆ ಚಾಚುವುದನ್ನು ಅವರು ಕಂಡರು. ಆದ್ದರಿಂದ ಹಾವು ಪೂರ್ತಿಯಾಗಿ ಚಾಚಿಕೊಳ್ಳುವಷ್ಟು ಗೂಡು ಉದ್ದವಿರಲೇಬೇಕು ಎಂದು ಅವರು ವಾದಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮಗಿರಲಿ. ಹಾಸಿಗೆಯನ್ನು ಆರಿಸುವುದು ಹಾವಿನ ಕೈಯಲ್ಲಿಲ್ಲ.

ತಿಂಗಳಿಗೊಮ್ಮೆ ಗುಂಡ ಹರಿದಾಡುವಾಗ ಅದರ ಬೆನ್ನಿನ ಗುಂಟ ಹೊಲಿಗೆಯ ದಾರ ಹಿಡಿದು ಒಂದು ಗಂಟು ಹಾಕುತ್ತೇನೆ. ಗಂಟು ಎರಡಡಿಯ ಹತ್ತಿರ ಬಂದಾಗ ಹಲಗೆ ತೆಗೆದೆ. ಈ ಸಲ ಹೊಸ ಜಾಗವನ್ನು ಮೊದಲೇ ಎಲೆ, ತೊಗಟೆ, ಇನ್ನೊಂದು ಕುಂಡದಿಂದ ತುಂಬಿಟ್ಟಿದ್ದೆ. ಊಟ ಒಂದು ವಾರವೂ ತಪ್ಪಲಿಲ್ಲ.

ನಿಮ್ಮ ಮನೆಯ ಮಕ್ಕಳೂ ಹಟ ಹಿಡಿದರೆ, ಮರಿಯನ್ನು ನೋಡುವ ಮೊದಲು ಗೋಡೆಯನ್ನು ನೋಡಿರಿ. ನಾಲ್ಕೈದು ಅಡಿ ಜಾಗ ಇಪ್ಪತ್ತು, ಮೂವತ್ತು ವರ್ಷ ಬಿಟ್ಟುಕೊಡಲು ಆಗುತ್ತದೆಯೇ? ಸಾಕಿದ ಈ ಹಾವುಗಳ ಆಯುಷ್ಯ ಅಷ್ಟಿದೆ. ಆಗದಿದ್ದರೆ ಮರಿ ಬೇಡ. ನನ್ನ ಲೆಕ್ಕದಲ್ಲಂತೂ ಗುಂಡ ನನಗಿಂತ ಹೆಚ್ಚು ದಿನ ಇರುತ್ತದೆ. ಗಂಟು ಹಾಕಿದ ದಾರವನ್ನು ಸೂಜಿಡಬ್ಬಿಯಲ್ಲಿ ಎಲ್ಲಿಟ್ಟಿದ್ದೇನೆಂದು ಮೊಮ್ಮಗಳಿಗೆ ತೋರಿಸಿದ್ದೇನೆ. ಕಳೆದ ತಿಂಗಳ ಗಂಟನ್ನು ಅವಳೇ ಹಾಕಿದಳು.