ಹದಿನಾಲ್ಕು ಹೆಜ್ಜೆಯ ಇಂಟೀರಿಯರ್

ಫ್ಲಾಟ್ ರಿಜಿಸ್ಟರ್ ಆದ ಮೂರನೇ ದಿನದಿಂದಲೇ ಫೋನು ಶುರುವಾಯ್ತು. ನನ್ನ ನಂಬರು ಅವರಿಗೆ ಹೇಗೆ ಸಿಕ್ಕಿತೋ ದೇವರೇ ಬಲ್ಲ. "ಸಾರ್, ಟೂ ಬಿಎಚ್‌ಕೆ ಫುಲ್ ಇಂಟೀರಿಯರ್, 45 ದಿನಕ್ಕೆ ಹ್ಯಾಂಡೋವರ್, ಇಎಂಐ ಕೂಡ ಇದೆ." ಒಂದು ಕಂಪನಿಯ ಹುಡುಗ ಬೆಂಗಳೂರಿನಿಂದ ಬಟವಾಡಿವರೆಗೂ ಬಂದು, ಗೋಡೆ ಗೋಡೆ ಅಳೆದುಕೊಂಡು ಹೋಗಿ, ನಾಲ್ಕು ದಿನಕ್ಕೆ ತ್ರೀಡಿ ಚಿತ್ರ ಕಳಿಸಿದ. ಫಾಲ್ಸ್ ಸೀಲಿಂಗು, ಅದರ ಅಂಚಿಗೆ ಹಳದಿ ದೀಪದ ಸಾಲು, ಗೋಡೆ ತುಂಬಾ ಟಿವಿ ಯೂನಿಟ್ಟು, ಹೊಳೆಯೋ ಮಾಡ್ಯುಲರ್ ಕಿಚನ್ನು. ಚಿತ್ರದಲ್ಲಿ ಮನೆ ಸಖತ್ತಾಗಿತ್ತು. ಕೆಳಗೆ ಮೊತ್ತ ಬರೆದಿತ್ತು: 11 ಲಕ್ಷ 40 ಸಾವಿರ.

ನಮ್ಮ ಹತ್ತಿರ ಇದ್ದದ್ದು 4 ಲಕ್ಷ.

ಅದೂ ಇನ್ನೊಂದಿಷ್ಟು ಜಾಸ್ತಿ ಇರಬೇಕಿತ್ತು. ಆದರೆ ನಾವು ಕೊಳ್ಳೋ ಹೊತ್ತಿಗೆ, 2025ರ ಆಗಸ್ಟ್ 31ರಿಂದ, ರಾಜ್ಯದಲ್ಲಿ ನೋಂದಣಿ ಶುಲ್ಕ ಶೇಕಡ 1ರಿಂದ 2ಕ್ಕೆ ಏರಿತ್ತು. 36 ಲಕ್ಷದ ಮನೆಗೆ ಅಲ್ಲೇ 36 ಸಾವಿರ ಹೆಚ್ಚಿಗೆ ಹೋಯ್ತು. 36 ಸಾವಿರ ಅಂದರೆ ಒಂದು ಸಣ್ಣ ಬೀರು ಮತ್ತೆ ಸೋಫಾ. ಸೋಫಾ ಇವತ್ತಿಗೂ ಬಂದಿಲ್ಲ ಅನ್ನಿ.

ಬಟವಾಡಿ ಯಾಕೆ ಅಂತ ಆಫೀಸಿನಲ್ಲಿ ತುಂಬಾ ಜನ ಕೇಳಿದರು. ವಾರಕ್ಕೆ ಮೂರು ದಿನ ಬೆಂಗಳೂರಿಗೆ ಹೋಗಬೇಕು, ಉಳಿದ ದಿನ ಮನೆಯಿಂದ ಕೆಲಸ. ಎಪ್ಪತ್ತು ಕಿಲೋಮೀಟರು, ಬೆಳಿಗ್ಗೆ ರೈಲಿದೆ. ಬೆಂಗಳೂರಿನ ಒಳಗೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋರು ಟ್ರಾಫಿಕ್ಕಿನಲ್ಲಿ ಕೂರುವಷ್ಟೇ ಹೊತ್ತು ನಾನು ರೈಲಿನಲ್ಲಿ ಕೂರ್ತೀನಿ. ಅದಕ್ಕಿಂತ ಮುಖ್ಯ, ಇಲ್ಲಿಂದ ಗುಬ್ಬಿ ಹತ್ತಿರ. ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ಅವ್ವ ಒಬ್ಬಳೇ ಇದ್ದಳು.

ಅಪ್ಪ ಹೋಗಿ ಮೂರು ವರ್ಷ. ಕಳೆದ ಮಳೆಗಾಲದಲ್ಲಿ ಅವ್ವ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಒಂದೂವರೆ ತಿಂಗಳು ಹಾಸಿಗೆ. ಆಮೇಲೂ ಮಂಡಿ ಸರಿಹೋಗಲಿಲ್ಲ. ನಮ್ಮ ಜೊತೆ ಬಾ ಅಂದರೆ ಒಂದೇ ಮಾತು: "ಬತ್ತೀನಿ, ಒಂದು ತಿಂಗಳು ನೋಡ್ತೀನಿ. ಆಗಲ್ಲ ಅಂದ್ರೆ ನನ್ನ ಊರಿಗೆ ಬುಟ್ಬುಡಬೇಕು, ಅಷ್ಟೇಯ." ಹಾಗಾಗಿ ಈ ಮನೆ ರಿಪೇರಿಗೆ ಒಂದು ಪರೀಕ್ಷೆಯೂ ಇತ್ತು. ಫೇಲಾದರೆ ಅವ್ವ ಮತ್ತೆ ಆ ಬಚ್ಚಲಿಗೇ ವಾಪಸ್ಸು.

ಇನ್ನೊಂದು ಕಡೆ ನನ್ನ ಹೆಂಡತಿ. ಒಂಬತ್ತು ವರ್ಷ ಪಿಜಿ, ಬಾಡಿಗೆ ಮನೆ ಅಂತ ಕಳೆದವಳು. "ಗೋಡೆಗೆ ಮೊಳೆ ಹೊಡೀಬೇಡಿ" ಅನ್ನೋ ಓನರುಗಳ ಮಾತು ಕೇಳಿ ಕೇಳಿ, ಮದುವೆ ಫೋಟೋನ ಕೂಡ ಬೀರು ಮೇಲೆ ಒರಗಿಸಿ ಇಟ್ಟವಳು. ಸ್ವಂತ ಮನೆ ಹೇಗಿರಬೇಕು ಅಂತ ಅವಳ ಮೊಬೈಲಿನಲ್ಲಿ ನಾಲ್ಕುನೂರು ಫೋಟೋ ಇದ್ದವು. ಅವಳಿಗೂ ಆಸೆ ಇರುತ್ತೆ ತಾನೆ? ಕೊಟೇಷನ್ ಚಿತ್ರಗಳನ್ನ ಒಂದು ಸಂಜೆ ಪೂರ್ತಿ ಹಿಂದೆ ಮುಂದೆ ಮಾಡಿ ನೋಡಿದಳು. ಕೊನೆಗೆ ಕೇಳಿದ್ದು ಮಾತ್ರ ಇಷ್ಟು: "ಅತ್ತೆ ರಾತ್ರಿ ಎಷ್ಟು ಸಲ ಏಳ್ತಾರೆ?"

ಎರಡು ಸಲ. ಚಳಿಗಾಲದಲ್ಲಿ ಮೂರು.

ಮಾರನೇ ಭಾನುವಾರ ಖಾಲಿ ಫ್ಲಾಟಿಗೆ ಹೋದೆವು. ಮಂಚ ಬರೋ ಜಾಗದಲ್ಲಿ ನಿಂತು ಅವಳು ಅವ್ವನ ಹಾಗೆ ಸಣ್ಣ ಹೆಜ್ಜೆ ಇಟ್ಟುಕೊಂಡು ಬಾತ್‌ರೂಮಿನವರೆಗೆ ನಡೆದಳು. ರೂಮಿನಲ್ಲಿ ನಾಲ್ಕು, ನಡುವಿನ ಪ್ಯಾಸೇಜಿನಲ್ಲಿ ಆರು, ಬಾತ್‌ರೂಮ್ ಒಳಗೆ ನಾಲ್ಕು. ಒಟ್ಟು ಹದಿನಾಲ್ಕು ಹೆಜ್ಜೆ. "ಮೊದಲ ದುಡ್ಡು ಇದಕ್ಕೆ. ಮಿಕ್ಕಿದ್ದರಲ್ಲಿ ಉಳಿದ ಮನೆ" ಅಂದಳು. ನಮ್ಮ ಇಂಟೀರಿಯರ್ ಪ್ಲಾನು ಅಂದರೆ ಇಷ್ಟೇ.

ಆ ಕಣ್ಣಿನಿಂದ ನೋಡಿದರೆ ಮನೆಯೇ ಬೇರೆ ಥರ ಕಾಣೋಕೆ ಶುರುವಾಯ್ತು. ಹದಿನಾಲ್ಕು ವರ್ಷ ಹಳೆಯ ಫ್ಲಾಟು. ಲೈಟಿನ ಸ್ವಿಚ್ಚು ಬಾಗಿಲ ಪಕ್ಕ, ಅಂದರೆ ಕತ್ತಲಲ್ಲಿ ನಾಲ್ಕು ಹೆಜ್ಜೆ ನಡೆದ ಮೇಲೆ ಬೆಳಕು. ಬಾತ್‌ರೂಮಿಗೆ ಮೂರಿಂಚಿನ ಮೆಟ್ಟಿಲು. ಒಳಗೆ ನುಣ್ಣನೆ ಟೈಲ್ಸು. ಬಾಗಿಲು ಒಳಕ್ಕೆ ತೆರೆಯುತ್ತೆ. ಒಳಗೆ ಯಾರಾದರೂ ಬಿದ್ದರೆ ಅವರೇ ಬಾಗಿಲಿಗೆ ಅಡ್ಡ, ಹೊರಗಿನವರು ತೆಗೆಯೋಕೇ ಆಗಲ್ಲ. 11 ಲಕ್ಷದ ಚಿತ್ರದಲ್ಲಿ ಇದ್ಯಾವುದೂ ಬದಲಾಗಿರಲಿಲ್ಲ.

ಬಾತ್‌ರೂಮ್ ಮೊದಲು. ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಿದರೆ ಒಡೆಯೋ ಖರ್ಚು ಉಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ, ನಿಜ ಕೂಡ. ಆದರೆ ನೆಲ ಇನ್ನೂ ಎತ್ತರ ಆಗುತ್ತೆ, ನೀರು ಹೊರಗೆ ಬರದ ಹಾಗೆ ಹೊಸ್ತಿಲೂ ಎತ್ತರ ಮಾಡಬೇಕು. ನಮಗೆ ಬೇಕಾದ್ದು ಅದರ ಉಲ್ಟಾ. ಹಾಗಾಗಿ ಒಡೆಸಿದೆವು. ಮೇಸ್ತ್ರಿ ನೆಲಕ್ಕೂ, ಗೋಡೆಯ ಕೆಳಭಾಗಕ್ಕೂ ವಾಟರ್‌ಪ್ರೂಫಿಂಗ್ ಬಳಿದ ಮೇಲೆ ಪೈಪಿನ ಬಾಯಿ ಮುಚ್ಚಿ, ಎರಡು ದಿನ ನೀರು ನಿಲ್ಲಿಸಿದೆವು. ಕೆಳಗಿನ ಮನೆಯ ಆಂಟಿಗೆ ಮೊದಲೇ ಹೇಳಿ, ಬೆಳಿಗ್ಗೆ ಸಂಜೆ ಅವರ ಬಾತ್‌ರೂಮಿನ ಮೇಲ್ಛಾವಣಿ ನೋಡಿಕೊಂಡು ಬರ್ತಿದ್ದೆ. ಒಂದು ಹನಿ ಇಲ್ಲ. ಆ ನೆಪದಲ್ಲಿ ಎರಡು ಸಲ ಕಾಫಿ ಆಯ್ತು, ಪರಿಚಯವೂ ಆಯ್ತು. ಟೈಲ್ಸ್ ಹಾಕಿದ ಮೇಲೆ ಸೋರಿದ್ದು ಗೊತ್ತಾದರೆ ಎಲ್ಲಾ ಮತ್ತೆ ಒಡೆಯಬೇಕು. ದಯವಿಟ್ಟು ಈ ಎರಡು ದಿನ ಉಳಿಸೋಕೆ ಹೋಗಬೇಡಿ.

ಸಿಮೆಂಟಿನ ಜಿಎಸ್‌ಟಿ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದಿದೆ, ನಿಮ್ಮ ಅದೃಷ್ಟ ಅಂದ ಗೆಳೆಯ. ಬಾತ್‌ರೂಮಿಗೆ ಬಂದದ್ದು ಏಳು ಮೂಟೆ. ಸಣ್ಣ ರಿಪೇರಿಯಲ್ಲಿ ದುಡ್ಡು ಹೋಗೋದು ಕೂಲಿಗೆ, ಒಡೆದ ಮಣ್ಣು ಕಲ್ಲು ಸಾಗಿಸೋಕೆ. ಅದನ್ನ ಯಾರೂ ಮೊದಲು ಹೇಳಲ್ಲ.

ಒರಟು ಮೈಯ ಚಿಕ್ಕ ಟೈಲ್ಸ್ ಹಾಕಿಸಿದೆವು. ಚಿಕ್ಕದಾದಷ್ಟೂ ನಡುವಿನ ಗೆರೆ ಜಾಸ್ತಿ, ಕಾಲಿಗೆ ಹಿಡಿತ ಜಾಸ್ತಿ. ಕಮೋಡ್ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು ಸ್ಟೀಲ್ ಹಿಡಿಕೆ. ಹಿಡಿಕೆಗೆ ಗಟ್ಟಿ ಇಟ್ಟಿಗೆ ಗೋಡೆ ಬೇಕು. ಟೊಳ್ಳು ಬ್ಲಾಕಿನ ಗೋಡೆಯಾದರೆ ಮಾಮೂಲಿ ಸ್ಕ್ರೂ ನಂಬೋ ಹಾಗಿಲ್ಲ. ಹಾಕಿದ ದಿನ ನಾನೇ ಜೋತುಬಿದ್ದು ನೋಡಿದೆ. ಬಾಗಿಲು ಈಗ ಹೊರಕ್ಕೆ ತೆರೆಯುತ್ತೆ. ಗಾಜಿನ ಪಾರ್ಟಿಷನ್ ಬೇಡ ಅಂದೆವು. ಪಾಲಿಕೆಯ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಿಂದ ಬಂದ ದಿನ ಚಿಂತೆಯಿಲ್ಲ, ಬೋರ್‌ವೆಲ್ ನೀರು ಬಿಟ್ಟ ದಿನ ಗಾಜು, ನಲ್ಲಿ ಎಲ್ಲದರ ಮೇಲೂ ಬಿಳೀ ಕಲೆ. ದಿನಾ ಅದನ್ನ ಉಜ್ಜೋರು ಯಾರು?

ಆಮೇಲೆ ಕರೆಂಟು. ಎಲೆಕ್ಟ್ರಿಷಿಯನ್ ಮೀಟರ್ ಬೋರ್ಡ್ ತೆಗೆದು ನೋಡಿ, "ಸಾರ್, ಶಾಕ್ ಹೊಡೆದ್ರೆ ಟ್ರಿಪ್ ಆಗೋಕೆ ಇಲ್ಲೇನೂ ಇಲ್ಲ" ಅಂದ. 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದೆವು, ಅರ್ಥಿಂಗ್ ಸರಿ ಮಾಡಿಸಿದೆವು, ಗೀಸರಿಗೆ 4 ಚದರ ಮಿಲಿಮೀಟರಿನ ಹೊಸ ವೈರು ಎಳೆಸಿದೆವು. ಮಂಚದ ತಲೆ ಹತ್ತಿರ ಟೂ-ವೇ ಸ್ವಿಚ್ಚು: ಮಲಗಿದಲ್ಲೇ ಹಾಕಬಹುದು, ಬಾಗಿಲ ಹತ್ತಿರ ಆರಿಸಬಹುದು. ಪ್ಯಾಸೇಜಿನಲ್ಲಿ ಮೊಣಕಾಲೆತ್ತರಕ್ಕೆ ಎರಡು ಪುಟ್ಟ ದೀಪ, ರಾತ್ರಿಯಿಡೀ ಉರಿಯುತ್ತೆ. ಕಣ್ಣಿಗೆ ಚುಚ್ಚಲ್ಲ, ನೆಲ ಕಾಣುತ್ತೆ.

ಅಡುಗೆಮನೆಯಲ್ಲಿ ಜಗಳ ಆಯ್ತು, ಸುಳ್ಳು ಯಾಕೆ ಹೇಳಲಿ. ಅವಳಿಗೆ ಮಾಡ್ಯುಲರ್ ಬೇಕಿತ್ತು. ಎರಡು ದಿನ ಮಾತಿಲ್ಲ. ಆಮೇಲೆ ಅವಳೇ ಮಂಡಿಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಬಂದು ಒಂದು ದಾರಿ ಹುಡುಕಿದಳು. ಇದ್ದ ಕಪ್ಪು ಗ್ರಾನೈಟ್ ಹಾಗೇ ಇರಲಿ, ಕೆಳಗೆ ಕಡಪ ಕಲ್ಲಿನ ಅಡ್ಡ ಹಲಗೆ, ಮುಂದೆ ಅಲ್ಯೂಮಿನಿಯಂ ಫ್ರೇಮಿನ ಬಾಗಿಲು. ಸಿಂಕ್ ಕೆಳಗೆ ಪ್ಲೈವುಡ್ ಹಾಕಿದರೆ ಒಂದಲ್ಲ ಒಂದು ದಿನ ನೀರು ಕುಡಿದು ಉಬ್ಬೋ ಭಯ. ಕಡಪಕ್ಕೆ ಆ ಭಯವೂ ಇಲ್ಲ, ಗೆದ್ದಲಿನ ಭಯವೂ ಇಲ್ಲ. ಹೊರಗಿಂದ ನೋಡಿದೋರಿಗೆ ಒಳಗೆ ಕಲ್ಲಿದೆ ಅಂತ ಗೊತ್ತೂ ಆಗಲ್ಲ. 85 ಸಾವಿರಕ್ಕೆ ಮುಗೀತು.

ಮಂಚ ಊರಿಂದ ಬಂತು. ಹಲಸಿನ ಮರದ್ದು, ಅಪ್ಪನ ಮದುವೆ ಕಾಲದ್ದು. ಲಿಫ್ಟಿಗೆ ಹಿಡಿಸದೆ ಬಿಡಿ ಬಿಡಿ ಮಾಡಿ ಎರಡು ಮಹಡಿ ಹೊತ್ತು ತಂದೆವು. ಅದು ತೀರಾ ತಗ್ಗು, ಮಂಡಿ ನೋವಿನವರು ಎದ್ದೇಳೋಕೆ ಕಷ್ಟ. ಕಾರ್ಪೆಂಟರ್ ಕಾಲುಗಳಿಗೆ ನಾಲ್ಕಿಂಚು ಜೋಡಿಸಿ, ಅವ್ವ ಕೂತರೆ ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಎತ್ತರ ಮಾಡಿಕೊಟ್ಟ. ಮೇಲೆ ಗಟ್ಟಿ ತೆಂಗಿನ ನಾರಿನ ಹಾಸಿಗೆ. ತೆಂಗಿನ ಸೀಮೆಯವರು ನಾವು, ಸ್ಪಂಜಿನ ಮೇಲೆ ಮಲಗೋದು ಯಾಕೆ?

ಲಾರಿ ಬೇಕರ್ ಅನ್ನೋ ವಾಸ್ತುಶಿಲ್ಪಿಯ ಹೆಸರು ಕೇಳಿರಬಹುದು. ಇಂಗ್ಲೆಂಡಿನವರು, ತಿರುವನಂತಪುರದಲ್ಲಿ ನೆಲೆಸಿ ಕಡಿಮೆ ಖರ್ಚಿನ ಮನೆ ಕಟ್ಟಿ ಹೆಸರಾದವರು, 2007ರಲ್ಲಿ ತೀರಿಕೊಂಡರು. ಮನೆಗೆ ಬೇಕಾದ ಸಾಮಾನೆಲ್ಲ ಐದು ಮೈಲಿ ಒಳಗೇ ಸಿಗುವಂತಿರಬೇಕು ಅಂತ ಗಾಂಧೀಜಿ ತಮಗೆ ಹೇಳಿದ್ದನ್ನ ಅವರು ಮತ್ತೆ ಮತ್ತೆ ನೆನೆಯುತ್ತಿದ್ದರು. ಐದು ಮೈಲಿ ನಮ್ಮ ಕೈಲಾಗಲಿಲ್ಲ. ಗುಬ್ಬಿಯ ಮಂಚ, ತಿಪಟೂರು ಕಡೆಯ ನಾರಿನ ಮ್ಯಾಟು ಅಂತ ಐವತ್ತು ಮೈಲಿಯಲ್ಲಿ ಒಂದಿಷ್ಟು ಹೊಂದಿಸಿದೆವು. ಕಡಪ ಕಲ್ಲು ಮಾತ್ರ ಆಂಧ್ರದ್ದು, ಹೆಸರಲ್ಲೇ ಇದೆ.

ಲೆಕ್ಕ ಕೇಳೋರಿಗೆ ಪೂರ್ತಿ ಲೆಕ್ಕ: ಬಾತ್‌ರೂಮಿಗೆ 1,10,000. ಕರೆಂಟಿಗೆ 55,000. ಅಡುಗೆಮನೆ 85,000. ಇಡೀ ಮನೆ ಬಣ್ಣ 60,000. ಗಟ್ಟಿಯಿದ್ದ ಗೋಡೆಗೆ ಮತ್ತೆ ಪುಟ್ಟಿ ಬಳಿಸಲಿಲ್ಲ, ಬಿರುಕಿದ್ದ ಕಡೆ ಮಾತ್ರ. ಕಿಟಕಿಗಳಿಗೆ ಸೊಳ್ಳೆ ಪರದೆ, ಗ್ರಿಲ್ಲು 28,000. ಮಂಚ, ಹಾಸಿಗೆ 22,000. ಕಿಟಕಿ ಪರದೆಗೆ 14,000. ಸಾಗಾಣಿಕೆ, ಚಿಲ್ಲರೆ ಪಲ್ಲರೆ 16,000. ಒಟ್ಟು 3,90,000. ಹತ್ತು ಸಾವಿರ ಉಳೀತು. ಅದರಲ್ಲಿ ಅವಳು ಒಂದು ಡ್ರಿಲ್ ಮಷೀನ್ ತಗೊಂಡಳು. ಮೊದಲ ದಿನವೇ ಹಾಲಿನ ಗೋಡೆಗೆ ಹನ್ನೊಂದು ತೂತು! ಮದುವೆ ಫೋಟೋ, ಕನ್ನಡಿ, ಎರಡು ಬುಟ್ಟಿ, ನವಲಗುಂದದ ಜಮಖಾನದ ಒಂದು ಸಣ್ಣ ತುಂಡು. ಒಂದು ಗೋಡೆಗೆ ಗಿಣಿಹಸಿರು ಬಣ್ಣ, ಅವಳ ಇಷ್ಟದ್ದು. ನನಗದು ಸ್ವಲ್ಪ ಜಾಸ್ತಿಯೇ ಹಸಿರು ಅನ್ಸುತ್ತೆ, ಆದರೆ ಹೇಳೋ ಧೈರ್ಯ ಇಲ್ಲ.

ಬಂದ ನೆಂಟರು ಮೇಲೆ ನೋಡಿ, "ಸೀಲಿಂಗ್ ಏನೂ ಮಾಡ್ಸಿಲ್ವಾ?" ಅಂತಾರೆ. ಇಲ್ಲ. ಫಾಲ್ಸ್ ಸೀಲಿಂಗ್ ಕೆಟ್ಟದ್ದು ಅಂತಲ್ಲ, ದುಡ್ಡಿದ್ದರೆ ನಾವೂ ಮಾಡಿಸ್ತಿದ್ದೆವೇನೋ. ಆದರೆ ಕಡಿಮೆ ದುಡ್ಡಿನಲ್ಲಿ ಮನೆ ಮಾಡೋರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ನನ್ನದೊಂದೇ ಉತ್ತರ. ಆ ಮನೆಯಲ್ಲಿ ಯಾರಿಗೆ ನಡೆಯೋದು ಎಲ್ಲರಿಗಿಂತ ಕಷ್ಟವೋ ಅವರ ರಾತ್ರಿಯ ದಾರಿ ಅಳೆಯಿರಿ. ವಯಸ್ಸಾದವರು ಇರಬಹುದು, ಬಸುರಿ ಇರಬಹುದು, ಈಗಷ್ಟೇ ನಡೆಯೋಕೆ ಕಲಿತ ಮಗು ಇರಬಹುದು. ಆ ದಾರಿ ಸರಿಹೋದರೆ ಉಳಿದವರಿಗೂ ಸುಖವೇ. ಆಫೀಸಿಂದ ರಾತ್ರಿ ಹತ್ತಕ್ಕೆ ಸುಸ್ತಾಗಿ ಬಂದಾಗ ಆ ಸ್ಟೀಲ್ ಹಿಡಿಕೆಯನ್ನ ನಾನೂ ಹಿಡ್ಕೋತೀನಿ.

ಅವ್ವ ಬಂದಾಗ ಮನೆಯೆಲ್ಲ ಒಂದು ಸುತ್ತು ಹಾಕಿದಳು. ಹಸಿರು ಗೋಡೆ ನೋಡಿ ಏನೂ ಅನ್ನಲಿಲ್ಲ. ಬಾತ್‌ರೂಮಿನ ನೆಲವನ್ನ ಬರಿಗಾಲಲ್ಲಿ ಉಜ್ಜಿ ನೋಡಿ, "ಇದು ವಾಸಿ. ಹಾಲಿಂದು ನುಣ್ಣಗೈತೆ, ನೋಡೋಕೆ ಚೆಂದ, ನಡಿಯೋಕಲ್ಲ" ಅಂದಳು. ಎಪಿಎಂಸಿ ಯಾರ್ಡ್ ಕಡೆಯಿಂದ ಬರೋ ಲಾರಿ ಸದ್ದಿಗೆ ಮೊದಲ ವಾರ ನಿದ್ದೆ ಇಲ್ಲ ಅಂತ ಗೊಣಗಿದಳು. ಎರಡನೇ ವಾರ ಕೆಳಗಿನ ಮನೆ ಆಂಟಿ ಜೊತೆ ಸೊಪ್ಪು ತರೋಕೆ ಹೊರಟಳು. ನಾನು ರಾತ್ರಿ ಪ್ಯಾಸೇಜಿನಲ್ಲಿ ಸಣ್ಣ ಸದ್ದಾದರೂ ಎಚ್ಚರಾಗಿ ಹೆಜ್ಜೆ ಎಣಿಸ್ತಿದ್ದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಈಗೀಗ ಎಚ್ಚರ ಆಗಲ್ಲ.

ತಿಂಗಳು ತುಂಬಿದ ದಿನ ಸೊಸೆಯನ್ನ ಕರೆದು, "ಇಲ್ಲೊಂದು ಮೊಳೆ ಹೊಡೀತೀಯೇನಮ್ಮ?" ಅಂದಳು. ಮಂಚದ ಪಕ್ಕ, ಸ್ವಿಚ್ಚಿನ ಮೇಲೆ. ಇವಳು ಡ್ರಿಲ್ ತಂದಳು. ಅವ್ವ ಸೆರಗಿನ ಗಂಟು ಬಿಚ್ಚಿ ಊರ ಮನೆಯ ಬೀಗದ ಕೈ ತೆಗೆದು ಅಲ್ಲಿ ನೇತುಹಾಕಿದಳು.

ತಿಂಗಳಿಗೊಂದು ಸಲ ಅದನ್ನ ತಗೊಂಡು ಗುಬ್ಬಿಗೆ ಹೋಗ್ತಾಳೆ. ಮನೆ ಗುಡಿಸಿ, ದೀಪ ಹಚ್ಚಿ, ತೆಂಗಿನಕಾಯಿ ಲೆಕ್ಕ ನೋಡಿ, ನಾಲ್ಕು ದಿನಕ್ಕೆ ವಾಪಸ್ ಬರ್ತಾಳೆ. ಬಂದಾಗಲೆಲ್ಲ ಅದೇ ಮಾತು: "ಇನ್ನೊಂದು ತಿಂಗಳು ನೋಡ್ತೀನಿ ಕಣಪ್ಪ." ಇದು ನಾಲ್ಕನೆಯದು.